ಸುಣ್ಣದ ಗುರುತಿನ ಮರಗಳು

ವರ್ಷವಿಡೀ ಅಟ್ಟದಲ್ಲಿ ಒಣಗಿದ ಕಾಯಿಯನ್ನು ಅಪ್ಪ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗೆ ಲೊಟಲೊಟ ಸದ್ದಾದರೆ ಉಂಡೆ ಕೊಬ್ಬರಿ ಆಗಿದೆ ಎಂದರ್ಥ. 2000ದ ಆಸುಪಾಸಿನಲ್ಲಿ, ತುರುವೇಕೆರೆ ಹತ್ತಿರದ ನಮ್ಮ ತೋಟದಲ್ಲಿ, ಅಟ್ಟಕ್ಕೆ ಏರಿಸುವ ಮೊದಲೇ ಅವರ ಮುಖ ಬಾಡಿತು. ಕಾಯಿಯ ಮೈತುಂಬ ಕಂದು ಹುರುಪೆ, ಸೀಳು. ಹಾರೆಗೆ ಚುಚ್ಚಿದರೂ ಮಟ್ಟೆ ಬಿಡದು. ಸುಲಿದರೆ ಒಳಗೆ ಮುಷ್ಟಿಗಾತ್ರದ ಕಾಯಿ.

ಅದು ನುಸಿ. 1998ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಕಾಣಿಸಿಕೊಂಡದ್ದು ನೋಡನೋಡುತ್ತ ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಗೂ ಹಬ್ಬಿತು. ಎಳೆ ಹರಳಿನ ತೊಟ್ಟಿನಡಿ ಅಡಗಿ ರಸ ಹೀರುವ ಈ ಪರೋಪಜೀವಿ ಬರಿಗಣ್ಣಿಗೆ ಕಾಣದು.

ಇದಕ್ಕೆ ಮದ್ದಾಗಿ ಬಂದ ಬೇವು ನಮಗೆ ಹೊಸದಲ್ಲ. ಹೊಟ್ಟೆಹುಳಕ್ಕೆ ಅಜ್ಜಿ ಬೇವಿನ ರಸ ಕುಡಿಸುತ್ತಿದ್ದರು. ಎಷ್ಟು ಎನ್ನುವುದು ಅವರ ಕೈಯಳತೆ. ನುಸಿ ಬಂದ ಮೇಲೆ ಬೇವಿಗೂ ಲೆಕ್ಕ ಬಂತು. ಲೀಟರ್ ನೀರಿಗೆ 20 ಮಿಲಿ ಬೇವಿನೆಣ್ಣೆ, 20 ಗ್ರಾಂ ಬೆಳ್ಳುಳ್ಳಿ, 5 ಗ್ರಾಂ ಸೋಪು ಕಲಸಿ ಎಳೆ ಗೊನೆಗಳಿಗೆ ಸಿಂಪಡಿಸಬೇಕು. ಮರ ಹತ್ತುವವರು ಸಿಗದಿದ್ದರೆ ಬೇರಿನಲ್ಲಿ ಕೊಡಬೇಕು: ಬೇವಿನ ಬೀಜದ ಸತ್ವ ಅಜಾಡಿರಾಕ್ಟಿನ್, ಶೇ 5ರದ್ದು 7.5 ಮಿಲಿ, ಅಷ್ಟೇ ನೀರು.

ಬೇರಿನ ಕೆಲಸ ನನ್ನ ಪಾಲಿಗೆ ಬಂತು. ಪಾತಿ ಕೆದಕಿ, ಪೆನ್ಸಿಲ್ ದಪ್ಪದ ಜೀವಂತ ಬೇರು ಹುಡುಕಿ, ಓರೆಯಾಗಿ ಕೊಯ್ದು, ತುದಿಯನ್ನು ಔಷಧಿಯ ಪ್ಲಾಸ್ಟಿಕ್ ಕವರಿನಲ್ಲಿ ಮುಳುಗಿಸಿ, ದಾರ ಕಟ್ಟಿ ಮಣ್ಣು ಮುಚ್ಚುತ್ತಿದ್ದೆ. ಮಾರನೆಯ ಬೆಳಿಗ್ಗೆ ಕವರು ಖಾಲಿಯಾಗಿದ್ದರೆ ಮನಸ್ಸು ಹಗುರ. ಕುಡಿಯದ ಮರಕ್ಕೆ ಇನ್ನೊಂದು ಬೇರು. ಆಮೇಲೆ 45 ದಿನ ಆ ಮರದ ಕಾಯಿ ಮುಟ್ಟುವಂತಿಲ್ಲ.

ಅಪ್ಪ ಒಂದು ಸಾಲಿಗೆ ಮಾತ್ರ ಔಷಧಿ ಕೊಡಬೇಡವೆಂದರು. ಆ ಮರಗಳಿಗೆ ಸುಣ್ಣದ ಪಟ್ಟೆ ಬಳಿದರು. ನನಗೆ ಸಂಕಟವಾಯಿತು. "ಇವನ್ನು ಬಿಡದಿದ್ದರೆ ಅವಕ್ಕೆ ವಾಸಿಯಾದದ್ದು ಹೇಗೆ ತಿಳಿಯುತ್ತೆ ಮಗಾ?" ಅಂದರು. ಮುಂದಿನ ಕೊಯ್ಲಿನಲ್ಲಿ ಎರಡೂ ಸಾಲಿನ ಕಾಯಿ ಬೇರೆಬೇರೆ ರಾಶಿ ಹಾಕಿ, ಹುರುಪೆಯವನ್ನು ಎಣಿಸಿದೆವು. ಬೇವು ಕುಡಿದ ಸಾಲಿನಲ್ಲಿ ಕಮ್ಮಿಯಿತ್ತು, ಪೂರ್ತಿ ಹೋಗಿರಲಿಲ್ಲ. ಮರಕ್ಕೆ 5 ಕೆಜಿ ಬೇವಿನ ಹಿಂಡಿ, ಬೇಸಿಗೆಯಲ್ಲಿ ನೀರು ತಪ್ಪದಂತೆ ನೋಡಿಕೊಂಡ ಮೇಲೆ ಕಾಯಿ ಇನ್ನಷ್ಟು ಸುಧಾರಿಸಿತು.

ಮಲೇರಿಯಾಕ್ಕೆ ಆರ್ಟಿಮಿಸಿನಿನ್ ಕಂಡುಹಿಡಿದ ಚೀನಾದ ಟು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂದಾಗ ಅಪ್ಪನ ಸುಣ್ಣ ನೆನಪಾಯಿತು. ನಮ್ಮ ಮಾಚಿಪತ್ರೆಯ ಬಳಗದ ಗಿಡದಿಂದ ಬಂದ ಮದ್ದು ಅದು. ಹಳೆಯ ಗ್ರಂಥ ಗಿಡವನ್ನು ತೋರಿಸಿತ್ತು. ಹೆಚ್ಚು ಶಾಖ ತಾಗಿದರೆ ಸತ್ವ ಕೆಡುತ್ತದೆಂಬುದನ್ನು ಅವರು ಪರೀಕ್ಷೆಯಿಂದಲೇ ಖಚಿತಮಾಡಿಕೊಂಡರು.

ಈಗ ತೋಟ ನನ್ನ ಕೈಯಲ್ಲಿದೆ. ಯಾರಾದರೂ ಹೊಸ ಗಿಡಮೂಲಿಕೆ ಔಷಧಿ ತಂದರೆ ಬೇಡ ಅನ್ನುವುದಿಲ್ಲ. ಮೊದಲು ಸುಣ್ಣ ಕಲಸುತ್ತೇನೆ.