ಕೊನಗವಳ್ಳಿಯ ಮೇಷ್ಟ್ರ ಗೀಳುಗಳು

ಸತ್ತ ಮೇಲೂ ಅಗ್ರಹಾರದ ನಿದ್ದೆ ಕೆಡಿಸುವ ನಾರಣಪ್ಪನ ಪಾತ್ರಕ್ಕೆ ಪಟ್ಟಾಭಿರಾಮ ರೆಡ್ಡಿ ಆರಿಸಿಕೊಂಡದ್ದು ಒಬ್ಬ ಇಂಗ್ಲಿಷ್ ಮೇಷ್ಟ್ರನ್ನು. 1970ರ ‘ಸಂಸ್ಕಾರ’ದಲ್ಲಿ ಗಿರೀಶ ಕಾರ್ನಾಡರ ಪ್ರಾಣೇಶಾಚಾರ್ಯ ಧರ್ಮಸೂಕ್ಷ್ಮ ಹುಡುಕುತ್ತ ಒದ್ದಾಡಿದರೆ, ಪಿ. ಲಂಕೇಶರ ನಾರಣಪ್ಪ ಹೆಣವಾಗಿಯೇ ಅರ್ಧ ಸಿನಿಮಾ ಗೆದ್ದುಬಿಡುತ್ತಾನೆ. ಕೆಣಕುವುದು ಅವರಿಗೆ ಅಭಿನಯಿಸಬೇಕಾದ ಸಂಗತಿಯೇನೂ ಆಗಿರಲಿಲ್ಲ.

ಲಂಕೇಶ್ ಹುಟ್ಟಿದ್ದು 1935ರ ಮಾರ್ಚ್ 8ರಂದು, ಶಿವಮೊಗ್ಗ ತಾಲ್ಲೂಕಿನ ಕೊನಗವಳ್ಳಿಯಲ್ಲಿ. ಓದಿಗೆಂದು ಬಂದ ಶಿವಮೊಗ್ಗ ಪೇಟೆಗೇ 1959ರಲ್ಲಿ ಮೇಷ್ಟ್ರಾಗಿ ಮರಳಿದರು. ಸಹ್ಯಾದ್ರಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ. ಆಗಿನ ಶಿವಮೊಗ್ಗದಲ್ಲಿ ಒಂದೇ ಹುಚ್ಚು ಇಟ್ಟುಕೊಂಡವರು ಕಡಿಮೆ. ಕಾಗೋಡು ಸತ್ಯಾಗ್ರಹದ ಶಾಂತವೇರಿ ಗೋಪಾಲಗೌಡರಿಗೆ ಗೇಣಿದಾರರ ಹಕ್ಕಿನಷ್ಟೇ ಕವಿತೆಯೂ ಬೇಕಿತ್ತು. 1967ರಲ್ಲಿ ಇಲ್ಲಿಂದ ಗೆದ್ದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿ ಬಂದರು. ಪಕ್ಕದ ಭದ್ರಾವತಿಯೂ ಹಾಗೆಯೇ. 1923ರಿಂದ ಕಬ್ಬಿಣ ಕಾಯಿಸುತ್ತ ಬಂದ ಆ ಊರಿನ ಕಾರ್ಖಾನೆಯ ನೌಕರನೊಬ್ಬ ನಾಟಕದ ಗೀಳು ಹತ್ತಿಸಿಕೊಂಡು, ಕೊನೆಗೆ ದೊಡ್ಡಣ್ಣನಾಗಿ ಕನ್ನಡ ತೆರೆಯ ತುಂಬ ಕಾಣಿಸಿಕೊಂಡ. ಇಂಥ ಸೀಮೆಯವರಿಗೆ ‘ನೀವು ಸಾಹಿತಿಯೋ, ರಾಜಕಾರಣಿಯೋ, ಸಿನಿಮಾದವರೋ’ ಎಂದು ಕೇಳಿದರೆ ಏನು ಹೇಳಿಯಾರು?

ಲಂಕೇಶ್ ಅಂತೂ ಎಲ್ಲದಕ್ಕೂ ಕೈಹಾಕಿದರು. ಬೋದಿಲೇರನನ್ನು ‘ಪಾಪದ ಹೂಗಳು’ ಎಂದು ಕನ್ನಡಕ್ಕೆ ತಂದವರೇ, ತಮ್ಮ ‘ಬಿರುಕು’ ಕಾದಂಬರಿಯನ್ನು ‘ಪಲ್ಲವಿ’ ಎಂಬ ಚಿತ್ರ ಮಾಡಿ, ಮೊದಲ ಏಟಿಗೇ 1976ರ ಶ್ರೇಷ್ಠ ನಿರ್ದೇಶಕ ರಾಷ್ಟ್ರಪ್ರಶಸ್ತಿ ಹೊಡೆದರು. ನಾಲ್ಕನೆಯ ಚಿತ್ರ ‘ಎಲ್ಲಿಂದಲೋ ಬಂದವರು’. ಅದರ ಹಾಡುಗಳನ್ನೂ ಅವರೇ ಬರೆದರು. ಸಿನಿಮಾ ನೋಡದವರೂ ಇವತ್ತಿಗೂ ಗುನುಗುತ್ತಾರೆ. ಇದರ ನಡುವೆ ಇಸ್ಪೀಟು, ಕುದುರೆ ರೇಸು. ಕಾವ್ಯದ ಗಂಭೀರ ಓದುಗರಿಗೆ ಈ ಕೊನೆಯ ಎರಡು ಇವತ್ತಿಗೂ ಮುಜುಗರ. ಆದರೆ ಎಲೆ ಹಂಚಿದ ಮೇಲೆ ಎದುರಿಗೆ ಕೂತವನ ಮುಖ ಓದುವ ಚಟ ಇಲ್ಲದಿದ್ದರೆ, ಮಂತ್ರಿಗಳ ಮುಖವನ್ನು ಅವರು ಅಷ್ಟು ಸಲೀಸಾಗಿ ಓದುತ್ತಿದ್ದರೇ?

1980ರಲ್ಲಿ ಶುರುವಾದ ‘ಲಂಕೇಶ್ ಪತ್ರಿಕೆ’ ಈ ಎಲ್ಲ ಗೀಳುಗಳನ್ನೂ ಒಂದೇ ಕಟ್ಟಿಗೆ ಹಾಕಿತು. ಜಾಹೀರಾತಿಲ್ಲ, ಬಣ್ಣವಿಲ್ಲ. ಮುಖಪುಟದಲ್ಲಿ ಗುಂಡೂರಾಯರ ಸರ್ಕಾರದ ಹಗರಣ, ಒಳಗೆ ಸಿನಿಮಾ ವಿಮರ್ಶೆ, ಮೂಲೆಯಲ್ಲಿ ನೀಲು ಎಂಬ ಹೆಣ್ಣಿನ ಹೆಸರಿನಲ್ಲಿ ಸಂಪಾದಕರೇ ಬರೆಯುತ್ತಿದ್ದ ತುಂಟ ಚುಟುಕ. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ‘ಚಂದ್ರಗಿರಿಯ ತೀರದಲ್ಲಿ’ ಬರೆದಾಗ ಅದು ಧಾರಾವಾಹಿಯಾಗಿ ಬಂದದ್ದು ಇಲ್ಲೇ. ಹಕ್ಕಿಯ ಫೋಟೋ, ಗಾಳದ ಮೀನು, ಆಮೇಲೆ ಕಂಪ್ಯೂಟರು ಅಂತ ಗೀಳುಗಳ ಕಾಡಿನಲ್ಲೇ ಬದುಕಿದ ಪೂರ್ಣಚಂದ್ರ ತೇಜಸ್ವಿಯವರ ಪರಿಸರದ ಕಥೆಗಳೂ ಇದೇ ಪುಟಗಳಲ್ಲಿ ಬಂದವು. ಬಿ. ಚಂದ್ರೇಗೌಡರ ‘ಕಟ್ಟೆಪುರಾಣ’ದಲ್ಲಿ ಹಳ್ಳಿಕಟ್ಟೆಯ ಮೇಲೆ ಕೂತವರು ವಿಧಾನಸೌಧದ ಮಾನ ಕಳೆಯುತ್ತಿದ್ದರು. ಪತ್ರಿಕೆ ಹುಟ್ಟಿದ ಮರುವರ್ಷ ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್ (ಎಂಪಿಎಂ) ನ್ಯೂಸ್‌ಪ್ರಿಂಟ್ ತಯಾರಿಸತೊಡಗಿತು. ಮಹಾರಾಜರ ಕಾಲದ ಕಾಗದದ ಕಾರ್ಖಾನೆಯೂ ಸುದ್ದಿಯ ಹುಚ್ಚಿಗೆ ಬಿತ್ತು ಎಂದು ತಮಾಷೆಗೆ ಹೇಳಬಹುದು.

ರಾಜಕೀಯವನ್ನು ಲಂಕೇಶ್ ಸಿನಿಮಾ ನೋಡಿದ ಹಾಗೇ ನೋಡುತ್ತಿದ್ದರು. ಯಾರು ಪಾತ್ರಕ್ಕೆ ಹೊಂದುತ್ತಾರೆ, ಯಾರ ಸಂಭಾಷಣೆ ಸುಳ್ಳು ಹೊಡೆಯುತ್ತದೆ, ಯಾವ ಹೀರೋ ಮಧ್ಯಂತರದ ಆಚೆಗೆ ಬಾಳಲಾರ. ಗುಂಡೂರಾಯರು ‘ಗುಂ’ ಆದರು, ಇದೇ ಜಿಲ್ಲೆಯ ಸೊರಬದ ಬಂಗಾರಪ್ಪ ‘ಬಂ’ ಆದರು. ಓದುಗರು ನಕ್ಕರು. ಕೆಲವೊಮ್ಮೆ ಆ ನಗು ಅಗ್ಗವೂ ಆಯಿತು. ಅಡ್ಡಹೆಸರು ಒಮ್ಮೆ ಅಂಟಿಕೊಂಡರೆ ಆ ಮನುಷ್ಯ ಮಾಡಿದ ಒಳ್ಳೆಯದು ಕಣ್ಣಿಗೆ ಬೀಳುವುದಿಲ್ಲ ಎಂಬುದು ಲಂಕೇಶರಂಥ ಕಥೆಗಾರರಿಗೆ ತಿಳಿಯದ ವಿಷಯವಲ್ಲ. ಆದರೂ 1983ರಲ್ಲಿ ರಾಜ್ಯ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರ ಕಂಡಾಗ, ಅದರಲ್ಲಿ ಈ ಪತ್ರಿಕೆಯ ಪಾಲೂ ಇತ್ತೆಂದು ವಿರೋಧಿಗಳೂ ಒಪ್ಪಿಕೊಂಡರು.

ಅಷ್ಟಕ್ಕೆ ನಿಲ್ಲಲಿಲ್ಲ. ‘ಪ್ರಗತಿರಂಗ’ ಎಂದು ಪಕ್ಷವನ್ನೇ ಕಟ್ಟಲು ಹೊರಟರು. ಅದು ಮೇಲೇಳಲಿಲ್ಲ. ನಟರಿಗೆ ‘ಕಟ್’ ಎಂದರೆ ನಿಲ್ಲುತ್ತಾರೆ, ಕಾರ್ಯಕರ್ತರು ನಿಲ್ಲುವುದಿಲ್ಲ. ಲಂಕೇಶ್ ಮತ್ತೆ ಬರೆಯಲು ಕೂತರು. 1993ರಲ್ಲಿ ‘ಕಲ್ಲು ಕರಗುವ ಸಮಯ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಅಪ್ಪನ ಗೀಳುಗಳು ಮಕ್ಕಳಿಗೆ ಪಾಲಾಗಿ ಹಂಚಿಹೋದವು. ಕವಿತಾ 1999ರಲ್ಲೇ ಅವರ ‘ಅಕ್ಕ’ ಕಾದಂಬರಿಯನ್ನು ‘ದೇವೀರಿ’ ಎಂಬ ಚಿತ್ರವಾಗಿಸಿದರು. 2000ದ ಜನವರಿ 25ರಂದು ಲಂಕೇಶ್ ತೀರಿಕೊಂಡ ಮೇಲೆ ಇಂದ್ರಜಿತ್ ಹಾಡು-ಕುಣಿತದ ಸಿನಿಮಾಗಳಿಗೆ ಹೋದರು. ರಾಜಕೀಯದ ಪಾಲು ಗೌರಿಯವರದು. 2005ರಲ್ಲಿ ಅವರು ತಮ್ಮ ಹೆಸರಿನದೇ ವಾರಪತ್ರಿಕೆ ತೆಗೆದು, 2017ರ ಸೆಪ್ಟೆಂಬರ್ 5ರ ರಾತ್ರಿ ಮನೆಯ ಬಾಗಿಲಲ್ಲಿ ಗುಂಡಿಗೆ ಬಲಿಯಾಗುವವರೆಗೂ ಜಾಹೀರಾತಿಲ್ಲದೆ ನಡೆಸಿದರು.