ಕಡಲ ತಳಕ್ಕೆ ಕಿವಿಗೊಟ್ಟು

ಗೋವೆಗೆ ಪ್ರವಾಸ ಹೋದವರು ಡೋನಾ ಪೌಲಾದ ಜೆಟ್ಟಿಯಲ್ಲಿ ಫೋಟೋ ತೆಗೆಸಿಕೊಂಡು ಮರಳುವುದೇ ಹೆಚ್ಚು. ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆ ಇರುವುದೂ ಅಲ್ಲೇ. ಅದರ ಗೇಟಿನ ಮುಂದೆ ನಮ್ಮ ಶಾಲೆಯ ಹುಡುಗನೊಬ್ಬ ಕೇಳಿದ: "ಸಾರ್, ಕಡಲ ತಳದ ಮಣ್ಣಿನೊಳಗೆ ಏನಿದೆಯೆಂದು ಹೇಗೆ ನೋಡುತ್ತಾರೆ?"

ನೋಡುವುದಿಲ್ಲ, ಕೇಳುತ್ತಾರೆ, ಸಂತೆಯಲ್ಲಿ ಮಡಕೆ ತಟ್ಟಿ ನೋಡುವ ಹಾಗೆ. ಹಡಗು ಎಳೆದೊಯ್ಯುವ ಏರ್‌ಗನ್ನಿನ ದಪ್ಪ ಸದ್ದು ತಳದ ಕೆಳಗೆ ಕಿಲೋಮೀಟರುಗಟ್ಟಲೆ ಇಳಿಯುತ್ತದೆ. ಆದರೆ 50 ಹರ್ಟ್ಸಿನ ಅಲೆ ನೀರಿನಲ್ಲಿ 30 ಮೀಟರ್ ಉದ್ದ. ತೆಳುಪದರಗಳು ಅದಕ್ಕೆ ಸಿಗವು. 3,500 ಹರ್ಟ್ಸಿನ ಕೀಚಲು ಸದ್ದು ಅವನ್ನು ಬಿಡಿಸಿ ತೋರಿಸುತ್ತದೆ, ಆದರೆ ಮೆತ್ತನೆಯ ಕೆಸರಿನಲ್ಲೂ ಹತ್ತಾರು ಮೀಟರಿಗೆ ಸೋಲುತ್ತದೆ.

ಆಳ ನೀರಿನಲ್ಲಿ ಇನ್ನೊಂದು ತೊಡಕು. ಟಾರ್ಚಿನ ಬೆಳಕಿನಂತೆ ಸದ್ದೂ ಹರಡುತ್ತದೆ. 250 ಹರ್ಟ್ಸಿನ ಸದ್ದನ್ನು 1,000 ಮೀಟರ್ ಮೇಲಿಂದ ಬಿಟ್ಟರೆ ತಳದಲ್ಲಿ ಸುಮಾರು 55 ಮೀಟರ್ ತ್ರಿಜ್ಯದ ಜಾಗವೆಲ್ಲ ಸೇರಿ ಒಂದೇ ಮರುದನಿ. ಸದ್ದಿನ ಯಂತ್ರವನ್ನೂ ಕೇಳುವ ಯಂತ್ರವನ್ನೂ ತಳದಿಂದ 100 ಮೀಟರಿನಷ್ಟು ಹತ್ತಿರಕ್ಕೆ ಇಳಿಸಿದರೆ ಅದು 17 ಮೀಟರ್. (ಅಲೆಯ ಉದ್ದ, ದೂರ ಗುಣಿಸಿ, ಅರ್ಧದ ವರ್ಗಮೂಲ ತೆಗೆಯಿರಿ.) ಉದ್ದ ಕೇಬಲಿನ ತುದಿಯ ಯಂತ್ರ ಎಲ್ಲಿದೆಯೆಂದು ತಿಳಿಯುವುದು ಕಷ್ಟ, ಖರ್ಚೂ ಬಹಳ. ಆದರೂ ನನ್ನ ಮತ ಇಳಿಸುವುದಕ್ಕೇ.

ಆಂಧ್ರ ಕರಾವಳಿಯಾಚೆ, ಕೃಷ್ಣಾ-ಗೋದಾವರಿ ಕಡಲಿನಲ್ಲಿ, 2006ರಲ್ಲಿ ಒಂದು ಕಿಲೋಮೀಟರ್ ನೀರಿನಡಿ ಕೊರೆದಾಗ ಸುಮಾರು 128 ಮೀಟರ್ ದಪ್ಪದ ಗ್ಯಾಸ್ ಹೈಡ್ರೇಟ್ ಸಿಕ್ಕಿತು. ಅದು ಮೀಥೇನ್ ಹಿಡಿದಿಟ್ಟ ಮಂಜುಗಡ್ಡೆ, ನಾಳಿನ ಇಂಧನವಾದೀತೆಂಬ ಆಸೆ. ಅದು ಸಮತಟ್ಟು ಪದರವಾಗಿ ಅಲ್ಲ, ಜೇಡಿಮಣ್ಣಿನ ಕಡಿದಾದ ಬಿರುಕುಗಳಲ್ಲಿ ತುಂಬಿತ್ತು. ಎಷ್ಟಿದೆಯೆಂಬ ಲೆಕ್ಕ ತಪ್ಪುವುದು ಇಲ್ಲೇ. ಒಂದೊಂದು ಬಿರುಕನ್ನು 17 ಮೀಟರಿನ ಮರುದನಿಯೂ ತೋರಿಸದು. ಬಿರುಕು ಒತ್ತಾಗಿರುವ ಜಾಗದ ಅಂಚನ್ನಾದರೂ ತೋರಿಸೀತು.

"ಹಾಗಾದರೆ ಕೊರೆದೇ ನೋಡಬೇಕು" ಎಂದ ಹುಡುಗ. ಎಲ್ಲಿ ಕೊರೆಯುತ್ತೀಯ ಎಂದೆ.