ಸೊನ್ನೆಯೂ ಖಾಲಿ ಮನೆಯೂ

ಎಪ್ಪತ್ತರ ದಶಕದಲ್ಲಿ ಹಳ್ಳಿಗಳಲ್ಲಿ ಬೆಳೆದ ನನ್ನ ವಿದ್ಯಾರ್ಥಿಗಳಿಗೆ, ಮನೆಬಾಗಿಲ ಪಕ್ಕದ ಗೋಡೆಯ ಮೇಲೆ ಅಚ್ಚೊತ್ತಿದ್ದ ಚೌಕಟ್ಟೊಂದು ನೆನಪಿರಬಹುದು. ಹದಿನೈದು ದಿನಗಳಿಗೊಮ್ಮೆ ಬರುತ್ತಿದ್ದ ಮಲೇರಿಯಾ ಕಾರ್ಯಕರ್ತರು ಅದರಲ್ಲಿ ತಾರೀಖು ಬರೆದು ರುಜು ಹಾಕುತ್ತಿದ್ದರು. ಮನೆಯಲ್ಲಿ ಯಾರಿಗಾದರೂ ಜ್ವರ ಬಂದಿತ್ತೇ, ಪರವೂರಿನಿಂದ ಯಾರಾದರೂ ಬಂದಿದ್ದಾರೆಯೇ ಎಂದು ವಿಚಾರಿಸುತ್ತಿದ್ದರು. ಜ್ವರವಿದ್ದರೆ ಬೆರಳ ತುದಿ ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತದ ಹನಿ ತೆಗೆದು, ಕಹಿಯಾದ ಕ್ಲೋರೋಕ್ವಿನ್ ಮಾತ್ರೆಗಳನ್ನು ಕೊಡುತ್ತಿದ್ದರು.

1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾದಾಗ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರು ಈ ಜ್ವರಕ್ಕೆ ತುತ್ತಾಗುತ್ತಿದ್ದರೆಂದು ಅಂದಾಜು. 1965ರ ಹೊತ್ತಿಗೆ ಅದು ಸುಮಾರು 1 ಲಕ್ಷಕ್ಕೆ ಇಳಿಯಿತು. ರೋಗ ಹೋಯಿತೆಂದು ಎಲ್ಲರೂ ನಿಟ್ಟುಸಿರು ಬಿಟ್ಟರು. ಸೊಳ್ಳೆಗಳು ಡಿಡಿಟಿಗೆ ಒಗ್ಗಿಕೊಂಡವು, ಕಣ್ಗಾವಲು ಸಡಿಲಗೊಂಡಿತು. 1976ರಲ್ಲಿ ಪ್ರಕರಣಗಳು 64 ಲಕ್ಷವನ್ನು ಮುಟ್ಟಿದವು.

ನಮ್ಮ ಶಾಲೆಗೆ ಬರುತ್ತಿದ್ದ ಕಾರ್ಯಕರ್ತರು ಮೊದಲು ಕೇಳುತ್ತಿದ್ದುದು ಹಾಜರಿ ಪುಸ್ತಕವನ್ನು. ಒಂದು ಮಳೆಗಾಲದಲ್ಲಿ ಒಂದೇ ಕೇರಿಯ ನಾಲ್ಕು ಮಕ್ಕಳು ಒಟ್ಟಿಗೆ ಗೈರುಹಾಜರಾಗಿದ್ದರು. ನಾಟಿ ಕೆಲಸಕ್ಕೆ ಹೋಗಿರಬೇಕೆಂದು ನಾವು ಭಾವಿಸಿದ್ದೆವು. ಅವರು ಮಾತ್ರ ಸೈಕಲ್ಲೇರಿ ಆ ಕೇರಿಗೆ ಹೋದರು. ಇಬ್ಬರ ರಕ್ತದಲ್ಲಿ ಮಲೇರಿಯಾ ಕಂಡಿತು. ಪಕ್ಕದಲ್ಲಿ ನಾಲೆಯ ಕೆಲಸಕ್ಕೆ ಬಂದವರ ಗುಡಾರಗಳಲ್ಲಿಯೂ ಜ್ವರವಿತ್ತು. ಆ ಮಕ್ಕಳಿಬ್ಬರೂ ಚೇತರಿಸಿಕೊಂಡು ದಸರಾ ರಜೆಗೆ ಮೊದಲೇ ಮರಳಿದರು. ನನಗೆ ಗೈರುಹಾಜರಿಯ ಗುರುತಾಗಿದ್ದದ್ದು ಅವರಿಗೆ ರೋಗದ ಸುಳಿವಾಗಿತ್ತು.

ಗಣಿತ ಕಲಿಸಿದವನಾದ್ದರಿಂದ ಒಂದು ಮಾತು ಹೇಳಬಯಸುತ್ತೇನೆ. ವರದಿಯಲ್ಲಿ ಸೊನ್ನೆ ಬರೆಯುವುದಕ್ಕೂ ಆ ಮನೆಯನ್ನು ಖಾಲಿ ಬಿಡುವುದಕ್ಕೂ ಅಜಗಜಾಂತರವಿದೆ. ಸೊನ್ನೆಯೆಂದರೆ ಯಾರೋ ಹೋಗಿ ನೋಡಿದ್ದಾರೆ, ಜ್ವರವಿಲ್ಲ. ಖಾಲಿಯೆಂದರೆ ಯಾರೂ ಹೋಗಿಲ್ಲ. ಕಾಗದದ ಮೇಲೆ ಎರಡೂ ಒಂದೇ ಬಗೆಯ ನೆಮ್ಮದಿ ಕೊಡುತ್ತವೆ, ಅಪಾಯವಿರುವುದೇ ಅಲ್ಲಿ.

ಈಗ ಆ ಗೋಡೆಯ ಚೌಕಟ್ಟಿನ ಕೆಲಸವನ್ನು ಕಂಪ್ಯೂಟರ್ ಮಾಡುತ್ತಿದೆ. 2004ರಲ್ಲಿ ಆರಂಭವಾದ ಸಮಗ್ರ ರೋಗ ಕಣ್ಗಾವಲು ಯೋಜನೆಯ ಮೂಲಕ ಹಳ್ಳಿಯ ಜ್ವರದ ಲೆಕ್ಕ ಜಿಲ್ಲೆಗೂ ರಾಜಧಾನಿಗೂ ತಲುಪುತ್ತದೆ. ಡೆಂಗಿ ಹೆಚ್ಚಿದಾಗ, 2024ರಲ್ಲಿ, ಕರ್ನಾಟಕ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಡೆಂಗಿಯ ಸೊಳ್ಳೆ ಚರಂಡಿಯನ್ನರಸಿ ಹೋಗುವುದಿಲ್ಲ; ನಮ್ಮ ತೊಟ್ಟಿ, ಹೂಕುಂಡದ ತಟ್ಟೆ, ಎಳನೀರಿನ ಬುರುಡೆಗಳ ತಿಳಿನೀರೇ ಅದಕ್ಕೆ ಸಾಕು. ಮೊಟ್ಟೆಯಿಂದ ರೆಕ್ಕೆ ಬರಲು ಒಂದು ವಾರ, ಹತ್ತು ದಿನ. ಆದುದರಿಂದಲೇ ವಾರಕ್ಕೊಮ್ಮೆ ತೊಟ್ಟಿಯನ್ನು ತಿಕ್ಕಿ ಒಣಗಿಸಿರೆನ್ನುತ್ತಾರೆ.

ಬಾಗಿಲಿಗೆ ಆಶಾ ಕಾರ್ಯಕರ್ತೆ ಬಂದರೆ ಬೇಸರಿಸದೆ ಒಳಗೆ ಕರೆಯಿರಿ, ತೊಟ್ಟಿಯನ್ನು ತೋರಿಸಿರಿ, ಜ್ವರವಿದ್ದರೆ ಮರೆಮಾಚದಿರಿ. ನಿಮ್ಮ ಮನೆಯ ಲೆಕ್ಕ ಸರಿಯಿದ್ದರೆ ಊರಿನ ಲೆಕ್ಕವೂ ಸರಿಹೋದೀತು.